ಹಗುರ ಕೋಲಿನ ಭಾರದ ಲೆಕ್ಕ

‘ನೀವೇ ಕೈಯಾರೆ ಮಾಡಿದ ವಸ್ತು ಯಾವುದಾದರೂ ಇದೆಯಾ?’

ಕಳೆದ ವರ್ಷ ಬೆಂಗಳೂರಿನ ಕಂಪನಿಯೊಂದರ ಸಂದರ್ಶನದಲ್ಲಿ ಎದುರು ಕೂತಿದ್ದ ಮೇಡಂ ಹೀಗೆ ಕೇಳಿದಾಗ ನನ್ನ ಬಾಯಿ ಕಟ್ಟಿಹೋಯಿತು. ನಾಲ್ಕು ವರ್ಷ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು ನಾನು. ಕೊನೆಯ ವರ್ಷದ ಪ್ರಾಜೆಕ್ಟ್ ಬಗ್ಗೆ ಹೇಳೋಣವೆಂದರೆ ಅದನ್ನು ನಾವು ನಾಲ್ವರು ದುಡ್ಡು ಒಟ್ಟುಹಾಕಿ ಅಂಗಡಿಯಿಂದ ರೆಡಿಮೇಡ್ ತಂದಿದ್ದೆವು. ಏನೋ ತೊದಲಿದೆ. ‘ಆಯ್ತು, ತಿಳಿಸ್ತೇವೆ’ ಅಂದರು. ಆ ಮಾತಿನ ಅರ್ಥ ನಿಮಗೂ ಗೊತ್ತಿರುತ್ತದೆ. ರಾತ್ರಿ ಬಸ್ಸು ಹತ್ತಿ ಕುಂದಾಪುರಕ್ಕೆ ವಾಪಸ್ ಬಂದೆ.

ಊರಿಗೆ ಬಂದ ಮೇಲೆ ಸಂಜೆ ಪಿಯುಸಿ ಹುಡುಗರಿಗೆ ಟ್ಯೂಷನ್, ಬೆಳಿಗ್ಗೆ ಮಾವನ ಜೊತೆ ಕೋಡಿಯ ಬ್ರೇಕ್‌ವಾಟರ್. ಮಾವ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪರ್ಸಿನ್ ಬೋಟಿನಲ್ಲಿ ಬಲೆ ಎಳೆದವರು. ಬಲ ಭುಜ ಹೋಯಿತು. ಕೈಯನ್ನು ತಲೆಗಿಂತ ಮೇಲೆ ಎತ್ತಿದರೆ ಕಣ್ಣಲ್ಲಿ ನೀರು. ಡಾಕ್ಟರು ‘ಇನ್ನು ಬೋಟು ಬೇಡ’ ಅಂದ ಮೇಲೆ ಗಾಳ ಹಿಡಿದು ಕಲ್ಲಿನ ಮೇಲೆ ಕೂತರು. ನದಿಯ ನೀರು ಕಡಲಿಗೆ ಸೇರುವ ಜಾಗ ಅದು. ಉಬ್ಬರ ಇಳಿತದ ಹೊತ್ತು ನೋಡಿಕೊಂಡು ಹೋದರೆ ಕೆಂಬೇರಿ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಆ ಎರಡು ತಿಂಗಳು ಗಾಳದ ಮೀನಿಗೆ ಹೋಟೆಲಿನವರು ಕೇಳಿದಷ್ಟು ಕೊಡುತ್ತಾರೆ. ಮಾವನಿಗೆ ಇದು ಶೋಕಿ ಅಲ್ಲ, ಸಂಪಾದನೆ.

ಆದರೆ ಅವರ ಕೋಲು? ಹತ್ತು ಅಡಿಯ ಹಳೆಯ ಗ್ಲಾಸ್ ಫೈಬರ್ ಕೋಲು. ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಒಯ್ದು ತೂಕ ಮಾಡಿಸಿದೆ: 520 ಗ್ರಾಂ. ಅದಕ್ಕೆ ಹೆಚ್ಚುಕಡಿಮೆ ಅಷ್ಟೇ ತೂಕದ ರೀಲು. ಅರ್ಧ ಗಂಟೆ ಎಸೆದು ಎಳೆಯುವಷ್ಟರಲ್ಲಿ ಮಾವ ಕೋಲನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ ಭುಜ ಒತ್ತಿಕೊಳ್ಳುತ್ತಿದ್ದರು. ಮೀನು ಕಚ್ಚುವ ಹೊತ್ತು ಅದೇ ಆಗಿರುತ್ತಿತ್ತು.

‘ಹಗುರದ್ದೊಂದು ಮಾಡಿ ಕೊಡ್ತೇನೆ ಮಾವ’ ಅಂದೆ. ಮಾತು ಹೊರಟುಹೋಯಿತು. ಆಮೇಲೆ ಶುರುವಾಯಿತು ನಿಜವಾದ ಎಂಜಿನಿಯರಿಂಗ್.

ಅಂಗಡಿಯ ರೆಡಿ ಕೋಲು ಕೊಳ್ಳಬಹುದಿತ್ತು. ಆದರೆ ಅಗ್ಗದವು ಭಾರ, ಹಗುರದವು ದುಬಾರಿ. ಅದಕ್ಕಿಂತ ಹೆಚ್ಚಾಗಿ ಮಾವನ ಕೈಗೆ ಹಿಡಿಯ ಅಳತೆಯೇ ಬೇರೆ ಬೇಕಿತ್ತು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಎಸೆಯುವಂತಿರಬೇಕು, ಭುಜ ಏಳಬಾರದು. ಅಂಥ ಕೋಲನ್ನು ಕಟ್ಟಿಕೊಳ್ಳುವವರು ಮೊದಲು ಕೊಳ್ಳುವುದು ಬ್ಲ್ಯಾಂಕ್. ಹಿಡಿ, ರೀಲ್ ಸೀಟ್, ದಾರ ಹಾಯುವ ಗೈಡ್ ಯಾವುದೂ ಇಲ್ಲದ ಬರೀ ಕೋಲು. ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ, ಒಳಗೆ ಟೊಳ್ಳು. ರಾಳ ಹಚ್ಚಿದ ಕಾರ್ಬನ್ ಬಟ್ಟೆಯನ್ನು ಉಕ್ಕಿನ ಸಲಾಕೆಗೆ ಬಿಗಿಯಾಗಿ ಸುತ್ತಿ, ಮೇಲೆ ಟೇಪು ಸುತ್ತಿ, ಒಲೆಯಲ್ಲಿ ಬೇಯಿಸಿ, ಕೊನೆಗೆ ಸಲಾಕೆಯನ್ನು ಹೊರಗೆಳೆದರೆ ಬ್ಲ್ಯಾಂಕ್. ಬಿದಿರಿನ ತತ್ವವೇ ಇದು: ಬಲ ಬೇಕಾದದ್ದು ಹೊರಗೋಡೆಯಲ್ಲಿ, ನಡುವೆ ಏನೂ ಬೇಡ.

ಬ್ಲ್ಯಾಂಕಿನ ಮೇಲೆ ‘24 ಟನ್’, ‘30 ಟನ್’, ‘40 ಟನ್’ ಎಂದು ಬರೆದಿರುತ್ತದೆ. ಇದನ್ನು ನೋಡಿ ನಾನು ಬಿದ್ದೆ. ನಲವತ್ತು ಟನ್ ಅಂದರೆ ಹೆಚ್ಚು ಗಟ್ಟಿ ಇರಬೇಕು ಅಂದುಕೊಂಡೆ. ಎರಡನೇ ಸೆಮಿಸ್ಟರಿನಲ್ಲಿ ಉರು ಹೊಡೆದ ಯಂಗ್ಸ್ ಮಾಡ್ಯುಲಸ್ ಇದೇ ಎಂದು ಆಗ ಹೊಳೆಯಲಿಲ್ಲ. ಆ ಸಂಖ್ಯೆ ಹೇಳುವುದು ಕಾರ್ಬನ್ ಎಳೆ ಎಷ್ಟು ಸೆಟೆದುಕೊಂಡಿದೆ, ಎಳೆದರೆ ಎಷ್ಟು ಕಡಿಮೆ ಹಿಗ್ಗುತ್ತದೆ ಎಂಬುದನ್ನು. ಎಷ್ಟಕ್ಕೆ ಮುರಿಯುತ್ತದೆ ಎಂಬುದನ್ನಲ್ಲ. ‘ಐಎಂ6’, ‘ಐಎಂ7’ ಎಂದು ಬರೆದದ್ದೂ ಹೀಗೇ. ಅವು ಮೂಲದಲ್ಲಿ ಅಮೆರಿಕದ ಹರ್ಕ್ಯುಲಿಸ್ ಕಂಪನಿ ತನ್ನ ಕಾರ್ಬನ್ ಎಳೆಗಳಿಗೆ ಇಟ್ಟ ಹೆಸರು, ಗುಣಮಟ್ಟದ ಅಂಕವಲ್ಲ.

ಟನ್ ಹೆಚ್ಚಾದರೆ ಲಾಭ ಇದೆ, ಇಲ್ಲವೆಂದಲ್ಲ. ಅಷ್ಟೇ ಸೆಟೆತಕ್ಕೆ ಕಡಿಮೆ ಬಟ್ಟೆ ಸಾಕು. ಗೋಡೆ ತೆಳ್ಳಗಾಗುತ್ತದೆ, ಬ್ಲ್ಯಾಂಕ್ ಹಗುರವಾಗುತ್ತದೆ. ಆದರೆ ಎಳೆಯ ತಾಳ್ಮೆ ಕಡಿಮೆಯಾಗುತ್ತದೆ. ಗಾಜಿನ ಎಳೆ ಮುರಿಯುವ ಮೊದಲು ಶೇ 4ಕ್ಕೂ ಹೆಚ್ಚು ಹಿಗ್ಗಬಲ್ಲದು. ಸಾಧಾರಣ ಕಾರ್ಬನ್ ಎಳೆ ಶೇ 2ರ ಆಸುಪಾಸು. 40 ಟನ್ನಿನ ಎಳೆ ಶೇ 1ಕ್ಕಿಂತ ಸ್ವಲ್ಪವೇ ಮೇಲೆ. ಮಾವನ ಹಳೆಯ ಗ್ಲಾಸ್ ಕೋಲನ್ನು ಅವರು ಅಷ್ಟು ವರ್ಷ ಕಲ್ಲಿಗೆ ಬಡಿದು, ಸ್ಕೂಟರಿಗೆ ಕಟ್ಟಿ ಎಳೆದಾಡಿದರೂ ಉಳಿದದ್ದು ಇದೇ ಕಾರಣಕ್ಕೆ.

ಇಷ್ಟೆಲ್ಲ ನನಗೆ ತಿಳಿದದ್ದು ಕೋಲು ಮುರಿದ ಮೇಲೆ.

ಮೊದಲ ಬ್ಲ್ಯಾಂಕ್ 7 ಅಡಿಯದು, 40 ಟನ್, ತೂಕ 48 ಗ್ರಾಂ. ಟ್ಯೂಷನ್ನಿನ ಎರಡು ತಿಂಗಳ ದುಡ್ಡು. ನಲವತ್ತೆಂಟು ಗ್ರಾಂ! ಪಟ್ಟಿಯಲ್ಲಿ ಇದ್ದ ಎಲ್ಲದರಲ್ಲಿ ಅದೇ ಹಗುರ, ಅದಕ್ಕೇ ಅದನ್ನೇ ಆರಿಸಿದೆ. ಬೇರೆ ಯಾವ ಕಾರಣವೂ ಇರಲಿಲ್ಲ. ಎಲ್ಲ ಕಟ್ಟಿ ಮುಗಿಸಿದಾಗ ಒಟ್ಟು 105 ಗ್ರಾಂ. ಮಾವ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

‘ಇದ್ ಗಾಳದ್ ಕೋಲಾ, ಊದಿನಕಡ್ಡಿಯಾ ಮಾಣಿ?’

ಮೂರು ದಿನ ಸ್ವರ್ಗ. ಮಾವ ಎರಡು ಗಂಟೆ ನಿಂತು ಎಸೆದರು. ಭುಜದ ಮಾತೇ ಇಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಕೆಂಬೇರಿ ಕಚ್ಚಿತು. ಕೆಂಬೇರಿಯ ಬುದ್ಧಿ ಗೊತ್ತಲ್ಲ, ಕಚ್ಚಿದ ಕೂಡಲೇ ಕಲ್ಲಿನ ಪೊಟರೆಗೆ ನುಗ್ಗುತ್ತದೆ. ತಡೆದು ನಿಲ್ಲಿಸದಿದ್ದರೆ ದಾರ ಕಲ್ಲಿಗೆ ಉಜ್ಜಿ ಕತ್ತರಿಸಿಹೋಗುತ್ತದೆ. ಮಾವ ತಡೆದರು. ಕೋಲು ಹಿಡಿಯವರೆಗೂ ಬಾಗಿತು. ಹೇಗೋ ಮೀನು ಮೇಲೆ ಬಂತು. ಕಾಲಬುಡದಲ್ಲಿದ್ದ ಮೀನನ್ನು ಕಲ್ಲಿನ ಮೇಲೆ ಎತ್ತಲು ಮಾವ ತಮ್ಮ ಅಭ್ಯಾಸದಂತೆ ಕೋಲನ್ನು ನೇರ ಮೇಲಕ್ಕೆತ್ತಿದರು. ಪಟಾಕಿ ಸಿಡಿದ ಹಾಗೆ ಸದ್ದು. ಕೋಲು ಎರಡಲ್ಲ, ಮೂರು ತುಂಡು.

‘ಮೀನ್ ಹೋಯ್ತ್, ಕೋಲೂ ಹೋಯ್ತ್. ಬಾ, ಚಾ ಕುಡಿವ’ ಅಂದರು ಮಾವ. ಬೈದಿದ್ದರೆ ಚೆನ್ನಾಗಿತ್ತು. ಆ ಮೀನು ಎರಡೂವರೆ ಕಿಲೋಗೆ ಕಡಿಮೆ ಇರಲಿಲ್ಲ. ಆ ದಿನದ ಸಂಪಾದನೆ ನನ್ನ ಅವಸರದಲ್ಲಿ ನೀರಿಗೆ ಹೋಯಿತು.

ಮುರಿದ ತುಂಡುಗಳನ್ನು ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಗೋಡೆಯ ದಪ್ಪ ನೋಡಿದರೆ ಮೊಟ್ಟೆಯ ಸಿಪ್ಪೆಯ ನೆನಪಾಗುತ್ತಿತ್ತು. ಟೊಳ್ಳು ಕೊಳವೆ ಹೇಗೆ ಸೋಲುತ್ತದೆ ಎಂದು ನೋಡಬೇಕೆಂದರೆ ಹಿತ್ತಲಿನ ಪಪ್ಪಾಯಿ ಎಲೆಯ ದಂಟನ್ನು ಬಗ್ಗಿಸಿ ನೋಡಿ. ಸ್ವಲ್ಪ ದೂರ ಚೆಂದವಾಗಿ ಬಾಗುತ್ತದೆ. ಆಮೇಲೆ ಒಂದು ಕಡೆ ದುಂಡಗಿದ್ದದ್ದು ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಮರುಕ್ಷಣ ಅಲ್ಲೇ ಮಡಚಿಕೊಳ್ಳುತ್ತದೆ. ಬ್ಲ್ಯಾಂಕಿನದೂ ಅದೇ ಕಥೆ. ಉದ್ದಕ್ಕೆ ಎಷ್ಟೇ ಒಳ್ಳೆಯ ಎಳೆ ಇರಲಿ, ಅಡ್ಡಕ್ಕೆ ಸುತ್ತುವರಿದು ದುಂಡು ಕಾಪಾಡುವ ಎಳೆ ಸಾಕಷ್ಟು ಇಲ್ಲದಿದ್ದರೆ ಸೋಲು ಖಂಡಿತ. ಕೋಲನ್ನು ನೆಟ್ಟಗೆ ಮೇಲೆ ಎತ್ತಿದಾಗ ಬುಡದ ದಪ್ಪ ಭಾಗ ಕೆಲಸ ಮಾಡುವುದಿಲ್ಲ, ಭಾರವೆಲ್ಲ ಸಪೂರ ತುದಿಯ ಮೇಲೆ ಬೀಳುತ್ತದೆ. ಜೊತೆಗೆ ನಾನು ಕೋಲನ್ನು ಸ್ಕೂಟರಿನಲ್ಲಿ ಚೀಲವಿಲ್ಲದೆ ಒಯ್ದಿದ್ದೆ. ಸೀಸದ ಗುಂಡು ಬಡಿದು ಎಲ್ಲೋ ಸಣ್ಣ ಪೆಟ್ಟಾಗಿದ್ದರೂ ತೆಳು ಗೋಡೆಗೆ ಅಷ್ಟು ಸಾಕು. ತಪ್ಪು ಮಾವನದೂ ಅಲ್ಲ, ಬ್ಲ್ಯಾಂಕಿನದೂ ಅಲ್ಲ. ಸಣ್ಣ ಮೀನಿಗೆ, ನಿಧಾನದ ಕೈಗೆ ಅದು ಒಳ್ಳೆಯ ಬ್ಲ್ಯಾಂಕೇ. ಕಾಣೆ ಹಿಡಿಯುವ ಕೋಲನ್ನು ಕೆಂಬೇರಿಯ ಎದುರು ನಿಲ್ಲಿಸಿದವನು ನಾನು.

ಇಲ್ಲಿಂದ ಮುಂದೆ ನನ್ನ ಪ್ರಶ್ನೆ ಬದಲಾಯಿತು. ‘ಯಾವುದು ಅತಿ ಹಗುರ?’ ಎಂಬುದನ್ನು ಬಿಟ್ಟೆ. ‘ಈ ಕೆಲಸಕ್ಕೆ ಬೇಕಾದಷ್ಟು ಬಲ ಇರುವವುಗಳಲ್ಲಿ ಯಾವುದು ಹಗುರ?’ ಎಂದು ಕೇಳತೊಡಗಿದೆ. ಎರಡೂ ಒಂದೇ ಅನ್ನಿಸುತ್ತದೆ, ಅಲ್ಲ. ದುರ್ಬಲ ಬ್ಲ್ಯಾಂಕ್ ಯಾವಾಗಲೂ ಹಗುರ ಇರುತ್ತದೆ. ಅದರಲ್ಲೇನು ಹೆಚ್ಚುಗಾರಿಕೆ?

ಆದರೆ ಬಲವನ್ನು ಅಳೆಯುವುದು ಹೇಗೆ? ಬ್ಲ್ಯಾಂಕಿನ ಮೇಲೆ ‘ಮೀಡಿಯಂ’, ‘ಮೀಡಿಯಂ ಹೆವಿ’ ಅಂತ ಬರೆದಿರುತ್ತದೆ. ಒಬ್ಬರ ಮೀಡಿಯಂ ಇನ್ನೊಬ್ಬರ ಹೆವಿ. ಇದಕ್ಕೆ ಅಮೆರಿಕದಲ್ಲಿ ಹ್ಯಾನೆಮನ್ ಎಂಬವರು 2003ರಲ್ಲಿ ಒಂದು ಸರಳ ಉಪಾಯ ಪ್ರಕಟಿಸಿದ್ದಾರೆ. ಕೋಲನ್ನು ಅಡ್ಡಲಾಗಿ ಬಿಗಿದು, ತುದಿಗೆ ಸಣ್ಣ ಚೀಲ ಕಟ್ಟಿ, ಒಂದೊಂದೇ ಸೆಂಟ್ ನಾಣ್ಯ ಹಾಕುತ್ತಾ ಹೋಗುವುದು. ತುದಿ ಕೋಲಿನ ಉದ್ದದ ಮೂರನೇ ಒಂದು ಭಾಗದಷ್ಟು ಕೆಳಗಿಳಿದಾಗ ನಾಣ್ಯ ಎಣಿಸುವುದು. ಎಷ್ಟು ನಾಣ್ಯವೋ ಅಷ್ಟು ಬಲ. ಅವರು ಮಾಡಿದ್ದು ಫ್ಲೈ ಕೋಲುಗಳಿಗಾಗಿ, ಆದರೆ ಹೋಲಿಸಿ ನೋಡಲು ಯಾವ ಕೋಲಿಗೂ ಆಗುತ್ತದೆ.

ನನ್ನ ಬಳಿ ಸೆಂಟ್ ಎಲ್ಲಿಂದ ಬರಬೇಕು? ಒಂದು ರೂಪಾಯಿ ನಾಣ್ಯ ಇದೆಯಲ್ಲ! ಅಮ್ಮನ ಡಬ್ಬಿ ಖಾಲಿ ಮಾಡಿದೆ. ಮೊದಲ ದಿನ ಒಂದೇ ಕೋಲಿಗೆ ಎರಡು ಸಲ ಎರಡು ಲೆಕ್ಕ ಬಂತು. ತಲೆ ಕೆಟ್ಟಿತು. ಆಮೇಲೆ ನೋಡಿದರೆ 2011ರ ನಂತರದ ಒಂದು ರೂಪಾಯಿ 3.79 ಗ್ರಾಂ, 2019ರ ಹೊಸ ಸರಣಿಯದು 3.09 ಗ್ರಾಂ. ನಾನು ಎರಡನ್ನೂ ಬೆರೆಸಿದ್ದೆ. ಹಳೆಯ ಸರಣಿಯ ನಲವತ್ತು ನಾಣ್ಯ ಆರಿಸಿಕೊಂಡು ಚೀಲದಲ್ಲಿ ಹಾಕಿದೆ.

ಮುರಿದ ಕೋಲಿನದೇ ಮಾದರಿಯ ಇನ್ನೊಂದು ಬ್ಲ್ಯಾಂಕ್ ಉಡುಪಿಯ ಗೆಳೆಯನೊಬ್ಬನ ಬಳಿ ಇತ್ತು. ಅದು 18 ನಾಣ್ಯಕ್ಕೆ ಬಾಗಿತು. ಮಾವನ ಹಳೆಯ ಗ್ಲಾಸ್ ಕೋಲಿಗೆ ನಲವತ್ತೂ ಸಾಲಲಿಲ್ಲ. ಹಾಗಾದರೆ ನನಗೆ ಬೇಕಾದದ್ದು ಮೂವತ್ತರಿಂದ ನಲವತ್ತರ ನಡುವೆ ಎಂದು ಅಂದಾಜು ಮಾಡಿಕೊಂಡೆ.

ನಾಣ್ಯದ ಚೀಲ, ಅಳತೆ ಟೇಪು ಹಿಡಿದುಕೊಂಡು ಈ ಸಲ ಅಂಗಡಿಗೇ ಹೋದೆ. ಕೌಂಟರಿನ ಅಂಚಿಗೆ ಬ್ಲ್ಯಾಂಕ್ ಒತ್ತಿ ಹಿಡಿಯಲು ಅಂಗಡಿಯ ಹುಡುಗನನ್ನೇ ನಿಲ್ಲಿಸಿದೆ. 8 ಅಡಿಯದಾದರೆ ತುದಿ 32 ಇಂಚು ಇಳಿಯಬೇಕು. ನಾಣ್ಯ ಹಾಕುವಾಗ ಮಾಲೀಕರು, ‘ದೇವಸ್ಥಾನದ ಹುಂಡಿ ಒಡೆದ್ರಾ?’ ಎಂದು ಕೇಳಿದರು. ಮೂರು ಬ್ಲ್ಯಾಂಕ್ ಅಳೆಯುವಷ್ಟರಲ್ಲಿ ಅವರೇ ಉತ್ಸಾಹದಿಂದ ಕೊರಿಯರ್ ತಕ್ಕಡಿ ತಂದಿಟ್ಟು ತೂಕ ಬರೆದುಕೊಳ್ಳತೊಡಗಿದರು. ಅತಿ ಹಗುರದ್ದು 66 ಗ್ರಾಂ ಇತ್ತು, 23 ನಾಣ್ಯಕ್ಕೇ ಶರಣಾಯಿತು. ಇನ್ನೊಂದು 97 ಗ್ರಾಂ, 36 ನಾಣ್ಯ. ಮೂರನೆಯದು 30 ಟನ್, ಬುಡಕ್ಕೆ ತೆಳು ಗ್ಲಾಸ್ ಬಟ್ಟೆಯ ಪದರ, 78 ಗ್ರಾಂ, 34 ನಾಣ್ಯ. ನಾಣ್ಯಕ್ಕೆ ಗ್ರಾಂ ಲೆಕ್ಕ ಹಾಕಿದರೆ ಇದೇ ಎಲ್ಲಕ್ಕಿಂತ ಹಗುರ. ಮೊದಲು ಮುರಿದ 48 ಗ್ರಾಮಿನದಕ್ಕಿಂತಲೂ ಹಗುರ! ಪಟ್ಟಿಯಲ್ಲಿ ತೂಕ ಮಾತ್ರ ನೋಡಿದ್ದರೆ ಇದರ ಮೇಲೆ ಕಣ್ಣೇ ಬೀಳುತ್ತಿರಲಿಲ್ಲ.

ಉದ್ದ 8 ಅಡಿ ಏಕೆಂದು ಕೇಳಬಹುದು. ಕೋಲನ್ನು ಹಗುರ ಮಾಡುವ ಅಗ್ಗದ ದಾರಿ ಗಿಡ್ಡ ಮಾಡುವುದು. ಆದರೆ ಬ್ರೇಕ್‌ವಾಟರಿನಲ್ಲಿ ಕಾಲಬುಡದಿಂದ ನೀರಿನವರೆಗೆ ಚೂಪು ಕಲ್ಲು. 7 ಅಡಿಯದರಲ್ಲಿ ದಾರ ಕಲ್ಲಿಗೆ ತಾಗುತ್ತಿತ್ತು. ಹತ್ತಡಿಯ ಅಗತ್ಯವೂ ಇರಲಿಲ್ಲ, ಮಾವನೇ ಒಪ್ಪಿಕೊಂಡರು. ಎರಡು ತುಂಡಿನದು ತೆಗೆದುಕೊಂಡೆ. ಜೋಡಿಸುವ ಜಾಗದಲ್ಲಿ ಕೆಲವು ಗ್ರಾಂ ಹೆಚ್ಚು, ನಿಜ. ಆದರೆ ಸ್ಕೂಟರಿನಲ್ಲಿ ಚೀಲಕ್ಕೆ ಹಾಕಿ ಒಯ್ಯಬಹುದು. ಒಂದೇ ತುಂಡಿನ ಉದ್ದ ಬ್ಲ್ಯಾಂಕ್ ಪಾರ್ಸೆಲ್ ತರಿಸಿದರೆ ಸಾಗಣೆ ಖರ್ಚು ಕೇಳಿಯೇ ಜ್ವರ ಬರುತ್ತದೆ.

ಇನ್ನು ಗೈಡ್. ಇಲ್ಲಿ ನನಗೆ ಸಿಕ್ಕಿದ್ದು ಮೊಮೆಂಟ್ ಆಫ್ ಇನರ್ಷಿಯಾ. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದು ಬಿಟ್ಟಿದ್ದೆ. ಕೋಲನ್ನು ಬೀಸುವಾಗ ಒಂದು ವಸ್ತುವಿನ ಭಾರ ಕೈಗೆ ಎಷ್ಟು ಅಡ್ಡಿ ಮಾಡುತ್ತದೆ ಎಂಬುದು ಅದು ಕೈಯಿಂದ ಎಷ್ಟು ದೂರ ಇದೆ ಎಂಬುದರ ವರ್ಗಕ್ಕೆ ಸರಿಯಾಗಿ ಹೆಚ್ಚುತ್ತದೆ. ಕೈಯಿಂದ 2 ಮೀಟರ್ ದೂರದ ತುದಿಯಲ್ಲಿ ಕೂತ ಒಂದೇ ಒಂದು ಗ್ರಾಂ, ಕೈಯಿಂದ 20 ಸೆಂಟಿಮೀಟರ್ ದೂರದ 100 ಗ್ರಾಮಿಗೆ ಸಮ. ಮತ್ತೊಮ್ಮೆ ಓದಿ. ನಾನು ಕಾಗದದ ಮೇಲೆ ಮೂರು ಸಲ ಲೆಕ್ಕ ಹಾಕಿದೆ. ಬ್ಲ್ಯಾಂಕಿನಲ್ಲಿ ಹತ್ತು ಗ್ರಾಂ ಉಳಿಸಲು ಸಾವಿರ ರೂಪಾಯಿ ಹೆಚ್ಚು ಕೊಟ್ಟು, ತುದಿಗೆ ದಪ್ಪ ಗೈಡ್ ಕಟ್ಟಿ ಅದರ ಮೇಲೆ ಎಪಾಕ್ಸಿ ಸುರಿದರೆ ಕೊಟ್ಟ ದುಡ್ಡು ಅಲ್ಲಿಗೆ ಮುಗಿಯಿತು. ಮಾವನ ಹಳೆಯ ಕೋಲಿನ ಎರಡು ಕಾಲಿನ ಉಕ್ಕಿನ ಗೈಡ್ ಒಂದೊಂದೂ ಒಂದು ಗ್ರಾಂ ದಾಟುತ್ತಿತ್ತು. ಹೊಸದಕ್ಕೆ ತುದಿಯ ಕಡೆ ಒಂಟಿ ಕಾಲಿನ ಪುಟ್ಟ ಗೈಡ್ ತಂದೆ, ಅಕ್ಕಸಾಲಿಗರ ತಕ್ಕಡಿಯಲ್ಲಿ ಅದರ ಕಾಲು ಭಾಗವೂ ತೂಗಲಿಲ್ಲ. ಹಾಗೆಂದು ಗೈಡುಗಳ ಸಂಖ್ಯೆ ಕಡಿಮೆ ಮಾಡಬಾರದು. ಬಾಗಿದಾಗ ದಾರ ಬ್ಲ್ಯಾಂಕಿಗೆ ಉಜ್ಜುತ್ತದೆ, ಭಾರವೂ ಸಮನಾಗಿ ಹಂಚಿಹೋಗುವುದಿಲ್ಲ. ಅಡಿಗೆ ಒಂದು, ಮೇಲೊಂದು ಎಂಬುದು ಕಟ್ಟುವವರ ಕೈಲೆಕ್ಕ. ನಾನು ಒಂಬತ್ತು ಹಾಕಿದೆ.

ಕಟ್ಟುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೈಲಾನ್ ದಾರ ಸುತ್ತಿ, ಎರಡು ದ್ರವ ಬೆರೆಸುವ ಎಪಾಕ್ಸಿ ತೆಳ್ಳಗೆ ಹಚ್ಚಿ, ಅದು ಒಂದೇ ಕಡೆ ಜೋತುಬೀಳದಂತೆ ಕೋಲನ್ನು ಗಂಟೆಗಟ್ಟಲೆ ನಿಧಾನ ತಿರುಗಿಸಬೇಕು. ಗುಜರಿಯಿಂದ ತಂದ ಮೈಕ್ರೊವೇವ್ ಓವನ್ನಿನ ತಟ್ಟೆ ತಿರುಗಿಸುವ ಮೋಟಾರು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಮಳೆಗಾಲದ ತೇವದಲ್ಲಿ ಮೊದಲ ಸಲ ಎಪಾಕ್ಸಿ ಮಜ್ಜಿಗೆಯಂತೆ ಬೆಳ್ಳಗಾಯಿತು, ಕೆರೆದು ಮತ್ತೆ ಹಚ್ಚಿದೆ. ಕೆರೆಯುವಾಗ, ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಒದ್ದೆ ಮಾಡಿಯೇ ಉಜ್ಜಿ. ಕಾರ್ಬನ್ ಪುಡಿ ಶ್ವಾಸಕ್ಕೂ ಚರ್ಮಕ್ಕೂ ಒಳ್ಳೆಯದಲ್ಲ.

ಇನ್ನೊಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಒಣಗಿದ ಬಿದಿರು, ಗ್ಲಾಸ್ ಫೈಬರ್ ಹಿಡಿದು ರೂಢಿಯಾದ ನಮ್ಮ ಹಿರಿಯರಿಗೆ ಇದು ಗೊತ್ತಿರುವುದಿಲ್ಲ. ಕರೆಂಟಿನ ತಂತಿಯ ಕೆಳಗೆ ಈ ಕೋಲನ್ನು ಎತ್ತುವ ಹಾಗಿಲ್ಲ. ದೂರದಲ್ಲಿ ಗುಡುಗಿದರೂ ಕೋಲು ಕೆಳಗಿಟ್ಟು ಜಾಗ ಖಾಲಿ ಮಾಡಬೇಕು. ಮಾವನಿಗೆ ಇದನ್ನು ಒಪ್ಪಿಸಲು ಕೋಲು ಕಟ್ಟುವುದಕ್ಕಿಂತ ಹೆಚ್ಚು ದಿನ ಹಿಡಿಯಿತು. ಈಗ ಅತ್ತೆಗೂ ಹೇಳಿಟ್ಟಿದ್ದೇನೆ, ಆಕಾಶ ಕಪ್ಪಾದರೆ ಅವರೇ ಫೋನು ಮಾಡುತ್ತಾರೆ.

ಹೊಸ ಕೋಲಿನ ಒಟ್ಟು ತೂಕ 168 ಗ್ರಾಂ. ಹಳೆಯದರ ಮೂರನೇ ಒಂದು ಭಾಗ. ಊದಿನಕಡ್ಡಿಗಿಂತ 63 ಗ್ರಾಂ ಹೆಚ್ಚು. ರೀಲನ್ನೂ ಚಿಕ್ಕದು ಮಾಡಿದೆವು. ಹಾಗೆ ಮಾಡಿದ್ದೇ ತಡ, ಕೋಲಿನ ಮೂತಿ ಕೆಳಗೆ ವಾಲತೊಡಗಿತು. ಒಟ್ಟು ತೂಕ ಕಡಿಮೆ, ಆದರೆ ತುದಿಯನ್ನು ಎತ್ತಿ ಹಿಡಿಯಲು ಮಣಿಕಟ್ಟು ಇಡೀ ಹೊತ್ತು ದುಡಿಯಬೇಕು. ‘ಹಗೂರ ಇತ್, ಆರೆ ಕೈ ಎಳಿತ್ತ್’ ಅಂದರು ಮಾವ. ಹಿಡಿಯ ಬುಡಕ್ಕೆ ಭಾರ ಕೂಡಿಸಬೇಕಾಯಿತು. ಹಗುರ ಮಾಡಲು ಹೊರಟವನು ಭಾರ ಸೇರಿಸುವುದು! ಆದರೆ ಕೈಗೆ ಹತ್ತಿರದ ಭಾರ ಬೀಸುವಾಗ ಹೆಚ್ಚು ಅಡ್ಡಿಯಾಗುವುದಿಲ್ಲವಲ್ಲ. ಬುಡದ ಮುಚ್ಚಳದೊಳಗೆ ಒಂದರ ಮೇಲೊಂದು ಐದು ನಾಣ್ಯ ಅಂಟಿಸಿದೆ. ಹತ್ತೊಂಬತ್ತು ಗ್ರಾಂ. ತಕ್ಕಡಿಯ ಲೆಕ್ಕದಲ್ಲಿ ಕೋಲು ಭಾರವಾಯಿತು, ಮಾವನ ಲೆಕ್ಕದಲ್ಲಿ ಹಗುರವಾಯಿತು.

ಕೋಲು ಈಗ ಎರಡನೇ ಮಳೆಗಾಲ ಕಾಣುತ್ತಿದೆ. ಕೆಂಬೇರಿ ಬಂದರೆ ಮಾವ ಕೋಲು ಓರೆ ಹಿಡಿದೇ ತಡೆಯುತ್ತಾರೆ, ಎತ್ತಲು ಉದ್ದ ಹಿಡಿಯ ಬಲೆ ಇಟ್ಟುಕೊಂಡಿದ್ದಾರೆ. ಭುಜದ ನೋವು ಹೋಗಿಲ್ಲ. ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ಮುಖ ಕಿವುಚುವುದು ನನಗೆ ಕಾಣುತ್ತದೆ. ಆದರೆ ಮೊದಲು ಏಳು ಗಂಟೆಗೆ ಎದ್ದು ಬರುತ್ತಿದ್ದವರು ಈಗ ಒಂಬತ್ತರವರೆಗೆ ನಿಲ್ಲುತ್ತಾರೆ. ದೊಡ್ಡ ಸೀಸ ಕಟ್ಟಿ ರಾತ್ರಿ ಎಸೆಯುವುದಿದ್ದರೆ ಮಾತ್ರ ಹಳೆಯ ಗ್ಲಾಸ್ ಕೋಲೇ. ಅದಕ್ಕೆ ಹೊಸದು ಆಗುವುದಿಲ್ಲ ಎಂದು ಅವರೇ ತೀರ್ಮಾನಿಸಿದ್ದಾರೆ, ನಾನು ವಾದ ಮಾಡಲಿಲ್ಲ.

ಈ ನಡುವೆ ಇನ್ನೆರಡು ಸಂದರ್ಶನ ಮುಗಿಸಿದೆ. ಒಂದರಲ್ಲಿ ಕಾರ್ಬನ್ ಎಳೆಯ ಬಗ್ಗೆ ಕೇಳಿದರು, ಪಪ್ಪಾಯಿ ದಂಟಿನಿಂದ ಶುರುಮಾಡಿ ಇಪ್ಪತ್ತು ನಿಮಿಷ ಮಾತಾಡಿದೆ. ಅಲ್ಲಿಂದ ಇನ್ನೂ ಮೇಲ್ ಬಂದಿಲ್ಲ. ಬ್ರೇಕ್‌ವಾಟರಿನಲ್ಲಿ ಮಾವನ ಪಕ್ಕ ಕೂರುವ ಒಬ್ಬರು ತಮಗೂ ಒಂದು ಕೋಲು ಕಟ್ಟಿಕೊಡು ಎಂದು ಮುಂಗಡ ಕೊಟ್ಟಿದ್ದಾರೆ. ನಾಣ್ಯದ ಚೀಲ ಹಿಡಿದು ಮತ್ತೆ ಅಂಗಡಿಗೆ ಹೋಗಬೇಕು.

ಮೊನ್ನೆ ಬೆಳಿಗ್ಗೆ ಒಂದು ಮೀನೂ ಸಿಗಲಿಲ್ಲ. ಮಾವ ಕೋಲನ್ನು ಚೀಲಕ್ಕೆ ಹಾಕುವಾಗ ಬುಡವನ್ನು ಬೆರಳಿನಿಂದ ತಟ್ಟಿ ಹೇಳಿದರು: ‘ಮೀನ್ ಸಿಕ್ಕದಿದ್ರೆ ಎಂತ ಮಾಣಿ, ಅರ್ಧ ಚಾಕ್ಕೆ ದುಡ್ಡ್ ಕೋಲಂಗೇ ಇತ್ತಲೆ.’